ಕ್ಯಾಲೆಗೆ ಒಂದು ವ್ಯಾನ್ ಸಾಮಾನು: ಗಡಿಯಾಚೆಯ ನಿರಾಶ್ರಿತರಿಗೆ ನೆರವು ಕಳುಹಿಸುವ ಬಗೆ

ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಎಂಬುದು ಪಡೆಯುವವನಿಗೆ ಹೇಳಿದ ಮಾತು. ಬೇರೆ ದೇಶದಲ್ಲಿರುವ ನಿರಾಶ್ರಿತರಿಗಾಗಿ ಸಾಮಾನು ಕೂಡಿಸುವ ಸಂಘದವರು ಮಾತ್ರ, ಕೈಗೆ ಬಂದ ಪ್ರತಿಯೊಂದು ಎಮ್ಮೆಯ ಹಲ್ಲನ್ನೂ ಎಣಿಸಿಯೇ ಮುಂದಕ್ಕೆ ಅಟ್ಟಬೇಕು. ಈ ಕೆಲಸವನ್ನು ಕ್ರಮವಾಗಿ ಮಾಡುವುದು ಹೇಗೆಂದು ತಿಳಿಯಲು ಬ್ರಿಟನ್ನಿನಿಂದ ಫ್ರಾನ್ಸಿನ ಕ್ಯಾಲೆಗೆ ಹೋಗುವ ನೆರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಇಂಥ ಕೆಲಸಕ್ಕೆ ಕೈಹಾಕುವ ಮನಸ್ಸಿರುವವರಿಗೆ ಇದು ನೇರವಾಗಿಯೇ ಉಪಯೋಗಕ್ಕೆ ಬಂದೀತು.

ಡೋವರ್ ಬಂದರಿನಿಂದ ಹಡಗಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ ಕ್ಯಾಲೆ. ಸೂಡಾನ್, ಎರಿಟ್ರಿಯಾ, ಅಫ್ಗಾನಿಸ್ತಾನ, ಇರಾನ್, ಇರಾಕ್ ಮುಂತಾದ ಕಡೆಗಳಿಂದ ಹೊರಟವರು ಬ್ರಿಟನ್ ಸೇರುವ ಆಸೆಯಿಂದ ಆ ಕರಾವಳಿಯಲ್ಲಿ ದಿನ ದೂಡುತ್ತಾರೆ. ‘ಜಂಗಲ್’ ಎಂದು ಹೆಸರಾಗಿದ್ದ ದೊಡ್ಡ ಶಿಬಿರವನ್ನು ಫ್ರೆಂಚ್ ಸರ್ಕಾರ 2016ರ ಅಕ್ಟೋಬರಿನಲ್ಲಿ ತೆರವು ಮಾಡಿತಾದರೂ ಜನ ಬರುವುದು ನಿಲ್ಲಲಿಲ್ಲ. ಈಗ ಅವರು ಪೊದೆಗಳ ನಡುವೆ, ಸೇತುವೆಗಳ ಅಡಿಯಲ್ಲಿ, ಪಾಳುಬಿದ್ದ ಜಾಗಗಳಲ್ಲಿ ಚದುರಿಕೊಂಡಿದ್ದಾರೆ.

ಮೊದಲ ಕೆಲಸ ಸಂಗ್ರಹವಲ್ಲ, ವಿಚಾರಣೆ. ಅಲ್ಲಿ ನಿತ್ಯ ಹಂಚಿಕೆ ನಡೆಸುವ ಸಂಸ್ಥೆಯೊಂದನ್ನು ಸಂಪರ್ಕಿಸಿ, ಈ ತಿಂಗಳು ಏನು ಬೇಕು, ಏನು ಬೇಡ, ಎಷ್ಟು ಇಡಲು ಗೋದಾಮಿನಲ್ಲಿ ಜಾಗವಿದೆ ಎಂದು ಕೇಳಿ ಪಟ್ಟಿ ತರಿಸಿಕೊಳ್ಳಬೇಕು. 2008ರಿಂದ ಕೆಲಸ ಮಾಡುತ್ತಿರುವ ಫ್ರಾನ್ಸಿನ ‘ಲೋಬೆರ್ಜ್ ದೆ ಮಿಗ್ರಾಂ’, 2015ರಲ್ಲಿ ಹುಟ್ಟಿದ ಬ್ರಿಟನ್ನಿನ ‘ಕೇರ್ ಫಾರ್ ಕ್ಯಾಲೆ’ ಅಂಥ ಸಂಸ್ಥೆಗಳು. ಅವರ ಪಟ್ಟಿಯನ್ನು ನೋಡಿದರೆ ಮೊದಮೊದಲು ಸ್ವಲ್ಪ ವಿಚಿತ್ರವೆನಿಸುತ್ತದೆ. ಅಲ್ಲಿರುವವರಲ್ಲಿ ಹೆಚ್ಚಿನವರು ತೆಳ್ಳಗಿನ ಮೈಕಟ್ಟಿನ ಹರೆಯದ ಗಂಡಸರಾದ್ದರಿಂದ ಸಣ್ಣ ಹಾಗೂ ಮಧ್ಯಮ ಅಳತೆಯ ಪ್ಯಾಂಟು, ಜಾಕೆಟ್‌ಗಳಿಗೆ ಬೇಡಿಕೆ. ತೊಳೆಯುವ ಅನುಕೂಲ ಕಡಿಮೆಯಿರುವ ಕಡೆ ಬಿಳಿ ಬಟ್ಟೆಯಿಂದ ಪ್ರಯೋಜನವಿಲ್ಲವಾದ್ದರಿಂದ ಎಲ್ಲವೂ ಗಾಢ ಬಣ್ಣದ್ದೇ ಆಗಬೇಕು. ಯುರೋಪಿನ ಅಳತೆಯಲ್ಲಿ 41ರಿಂದ 44ರವರೆಗಿನ ಗಟ್ಟಿ ಬೂಟುಗಳು ಎಷ್ಟಿದ್ದರೂ ಸಾಲವು. ಟೆಂಟ್ ಮತ್ತು ಸ್ಲೀಪಿಂಗ್ ಬ್ಯಾಗ್ ಪಟ್ಟಿಯಿಂದ ಬಿಟ್ಟುಹೋಗುವುದೇ ಅಪರೂಪ. ಕ್ಯಾಲೆಯ ಬಿಡಾರಗಳನ್ನು ಪೊಲೀಸರು ಹೆಚ್ಚುಕಡಿಮೆ 48 ಗಂಟೆಗೊಮ್ಮೆ ಎಬ್ಬಿಸುವುದನ್ನು ಮಾನವ ಹಕ್ಕು ಸಂಘಟನೆಗಳು ವರ್ಷಗಳಿಂದ ದಾಖಲಿಸುತ್ತ ಬಂದಿವೆ. ಆ ಗಡಿಬಿಡಿಯಲ್ಲಿ ಹೋದ ಟೆಂಟು ಎಷ್ಟೋ ಸಲ ಮರಳಿ ಸಿಗುವುದಿಲ್ಲ.

ಕೇಳದೆ ಕಳುಹಿಸಿದರೆ ಆಗುವ ಅನರ್ಥ ನಮಗೆ ಹೊಸತಲ್ಲ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ಹಳೆಬಟ್ಟೆಯ ರಾಶಿಗಳು ರಸ್ತೆ ಬದಿಯಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದವು. 1992ರಿಂದ 1996ರ ನಡುವೆ ಬೋಸ್ನಿಯಾಕ್ಕೆ ಬಂದ ಔಷಧಿಗಳಲ್ಲಿ ಸುಮಾರು 17,000 ಟನ್ನಿನಷ್ಟು ಕೆಲಸಕ್ಕೆ ಬಾರದವಾಗಿದ್ದು, ಅವನ್ನು ವಿಲೇವಾರಿ ಮಾಡುವುದೇ ಅಲ್ಲಿನವರಿಗೆ ಇನ್ನೊಂದು ಹೊರೆಯಾಯಿತು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಸಂಗ್ರಹಿಸುವ ಯೋಚನೆಯನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು.

ಎರಡನೆಯದು ಸಂಘದ ಲೆಕ್ಕಪತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ 5,000 ಪೌಂಡ್‌ಗಿಂತ ಹೆಚ್ಚು ಆದಾಯವಿರುವ ದತ್ತಿ ಸಂಸ್ಥೆ, ಸಾಮಾನ್ಯವಾಗಿ, ಚಾರಿಟಿ ಕಮಿಷನ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕ ಗುಂಪಾದರೂ ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಇಬ್ಬರ ಸಹಿ, ಬಂದ ಹಣಕ್ಕೆ ರಸೀದಿ ಇವಿಷ್ಟನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಬೇಕು. ಬ್ರಿಟನ್ನಿನ ತೆರಿಗೆ ಇಲಾಖೆಯ ಮನ್ನಣೆ ಪಡೆದ ಸಂಸ್ಥೆಗೆ ಆದಾಯ ತೆರಿಗೆ ಕಟ್ಟುವವರು ಹಣ ಕೊಟ್ಟರೆ ‘ಗಿಫ್ಟ್ ಏಡ್’ ಮೂಲಕ ಪ್ರತಿ ಪೌಂಡಿಗೆ ಇನ್ನೂ 25 ಪೆನ್ಸ್ ಸರ್ಕಾರದಿಂದ ಸಿಗುತ್ತದೆ. ಹಡಗಿನ ಟಿಕೆಟ್ಟಿಗೂ ವ್ಯಾನಿನ ಡೀಸೆಲ್ಲಿಗೂ ಹಣವೇ ಬೇಕು, ಕಂಬಳಿಯಿಂದ ಅದು ಹುಟ್ಟುವುದಿಲ್ಲ.

ಸಂಗ್ರಹಕ್ಕೆ ಒಂದು ದಿನ, ಒಂದು ಜಾಗ, ಎರಡು ಮೂರು ಗಂಟೆಯ ಅವಧಿ ಗೊತ್ತುಮಾಡಬೇಕು. ಯುಗಾದಿಗೋ ರಾಜ್ಯೋತ್ಸವಕ್ಕೋ ಜನ ಹೇಗೂ ಸೇರುವ ಸಭಾಂಗಣದ ಒಂದು ಮೂಲೆ ಸಾಕು. ಪ್ರಕಟಣೆಯಲ್ಲಿ ಬೇಕಾದ ಐದಾರು ವಸ್ತುಗಳ ಜೊತೆಗೆ ಬೇಡವಾದವುಗಳನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ‘ಬಟ್ಟೆ ಕೊಡಿ’ ಎಂದಷ್ಟೇ ಬರೆದರೆ ಮದುವೆಯ ಸೂಟು, ಎತ್ತರ ಹಿಮ್ಮಡಿಯ ಚಪ್ಪಲಿ, ಹರಿದ ಹಾಸಿಗೆಯವರೆಗೆ ಎಲ್ಲವೂ ಬರುತ್ತದೆ. ಬಾಗಿಲಲ್ಲೇ ‘ಇದು ಬೇಡ’ ಎಂದು ಹೇಳಬಲ್ಲ, ಆದರೆ ಮನಸ್ಸು ನೋಯದಂತೆ ಹೇಳಬಲ್ಲ ಒಬ್ಬರನ್ನು ಅಲ್ಲಿ ಕೂರಿಸುವುದು ಜಾಣತನ. ನಮ್ಮವರಲ್ಲಿ ದಾಕ್ಷಿಣ್ಯ ತುಸು ಹೆಚ್ಚೇ.

ಇಡೀ ಕೆಲಸದ ಬೆನ್ನೆಲುಬು ವಿಂಗಡಣೆ. ಸಂಗ್ರಹಕ್ಕೆ ಒಂದು ಮಧ್ಯಾಹ್ನ ಹಿಡಿದರೆ ಇದಕ್ಕೆ ಮೂರು ದಿನವಾದರೂ ಬೇಕು ಎಂದುಕೊಳ್ಳಿ. ಪ್ರತಿ ಜಾಕೆಟ್ಟಿನ ಜಿಪ್ ಎಳೆದು ನೋಡಬೇಕು, ಜೇಬುಗಳನ್ನು ತಡಕಬೇಕು, ಬೂಟುಗಳನ್ನು ಜೋಡಿ ಮಾಡಿ ಲೇಸಿನಿಂದ ಕಟ್ಟಬೇಕು. ಟೆಂಟನ್ನು ಒಮ್ಮೆ ನಿಲ್ಲಿಸಿ ನೋಡದೆ ಕಟ್ಟಬಾರದು, ಏಕೆಂದರೆ ಒಂದು ಕೋಲು ಕಡಿಮೆಯಾದರೂ ಅದು ಬರಿಯ ಬಟ್ಟೆಯ ಗಂಟು. ಒಂದು ಪೆಟ್ಟಿಗೆಯಲ್ಲಿ ಒಂದೇ ಬಗೆಯ, ಒಂದೇ ಅಳತೆಯ ವಸ್ತುವಿರಲಿ. ಹೊರಗೆ ಎರಡು ಬದಿಗಳಲ್ಲಿ ‘ಗಂಡಸರ ಪ್ಯಾಂಟ್, ಮಧ್ಯಮ, 25’ ಎಂಬಂತೆ ಇಂಗ್ಲಿಷಿನಲ್ಲೂ ಫ್ರೆಂಚಿನಲ್ಲೂ ಬರೆಯಬೇಕು. ಒಬ್ಬರೇ ಎತ್ತಲಾಗದಷ್ಟು ಭಾರದ ಪೆಟ್ಟಿಗೆ ಕಟ್ಟಬಾರದು. ಪೆಟ್ಟಿಗೆ ಮುಚ್ಚುವ ಮೊದಲು ಎಣಿಕೆಯನ್ನೂ ತೂಕವನ್ನೂ ಪುಸ್ತಕದಲ್ಲಿ ದಾಖಲಿಸಬೇಕು. ಕಸ್ಟಮ್ಸ್ ಕಾಗದಕ್ಕೆ ಆಧಾರ ಇದೇ.

2021ರ ಜನವರಿ 1ರ ಮೊದಲು ವ್ಯಾನಿಗೆ ಸಾಮಾನು ತುಂಬಿ ಹಡಗು ಹತ್ತಿದರೆ ಆಗುತ್ತಿತ್ತು. ಬ್ರಿಟನ್ ಐರೋಪ್ಯ ಒಕ್ಕೂಟದ ಏಕ ಮಾರುಕಟ್ಟೆಯಿಂದ ಹೊರಬಿದ್ದ ಆ ದಿನದಿಂದ ದಾನದ ಕಂಬಳಿಯೂ ರಫ್ತಿನ ಸರಕು. ಸಂಘಕ್ಕೆ ಇಓಆರ್‌ಐ ಎಂಬ ಗುರುತಿನ ಸಂಖ್ಯೆ ಬೇಕು, ಬ್ರಿಟನ್ನಿನ ಕಡೆ ರಫ್ತು ಘೋಷಣೆ ಬೇಕು, ಫ್ರಾನ್ಸಿನ ಕಡೆ ಆಮದು ಘೋಷಣೆ ಬೇಕು. ಉಚಿತವಾಗಿ ಬಂದದ್ದೆಂದು ಬೆಲೆಯ ಕಲಮಿನಲ್ಲಿ ಸೊನ್ನೆ ಬರೆಯುವಂತಿಲ್ಲ. ಹಳೆಯ ಬಟ್ಟೆಗೂ ನ್ಯಾಯವಾದ ಒಂದು ಅಂದಾಜು ಬೆಲೆ ಹಾಕಬೇಕು. ದತ್ತಿ ಸಾಮಾನಿಗೆ ಸುಂಕ ವಿನಾಯಿತಿ ಒಕ್ಕೂಟದ ನಿಯಮಗಳಲ್ಲಿ ಉಂಟು, ಆದರೆ ಪಡೆಯುವ ಸಂಸ್ಥೆಗೆ ಅಲ್ಲಿನ ಅಧಿಕಾರಿಗಳ ಮಾನ್ಯತೆ ಇರಬೇಕು. ಮಾಂಸ ಮತ್ತು ಹಾಲಿನ ಪದಾರ್ಥಗಳಿಗೆ ಆರೋಗ್ಯ ಪ್ರಮಾಣಪತ್ರದ ತೊಡಕಿರುವುದರಿಂದ ಹಾಲಿನ ಪುಡಿ, ಡಬ್ಬಿಯ ಮಾಂಸ ಬಿಟ್ಟುಬಿಡುವುದೇ ಲೇಸು. ಪೆಟ್ಟಿಗೆಗಳನ್ನು ಪೇರಿಸಿಡುವ ಮರದ ಹಲಗೆಯ ಪ್ಯಾಲೆಟ್‌ಗಳ ಮೇಲೆ, ಅವು ಕೀಟನಾಶಕ್ಕಾಗಿ ಶಾಖದಲ್ಲಿ ಸಂಸ್ಕರಿಸಿದವು ಎಂಬ ಮುದ್ರೆ ಇರಬೇಕು. ಮೊದಲ ಸಲ ಈ ಕಾಗದಗಳಿಗೆ ಕಸ್ಟಮ್ಸ್ ಏಜೆಂಟರೊಬ್ಬರಿಗೆ ಹಣ ಕೊಡುವುದರಲ್ಲಿ ಸಂಕೋಚ ಬೇಡ.

ವ್ಯಾನಿನ ವಿಷಯ ಚುಟುಕು. ಸಾಮಾನ್ಯ ಕಾರಿನ ಪರವಾನಗಿಯಲ್ಲಿ ಓಡಿಸಬಹುದಾದ ವಾಹನದ ಒಟ್ಟು ತೂಕ 3.5 ಟನ್ ಮೀರಬಾರದು, ಅಂದರೆ ಒಳಗೆ ಹಿಡಿಯುವ ಸಾಮಾನು ಒಂದು ಟನ್ನಿನ ಆಸುಪಾಸು. ಭಾರದ್ದನ್ನು ಕೆಳಗೆ ಹಾಕಿ, ಪೆಟ್ಟಿಗೆಗಳ ಪಟ್ಟಿಯ ಎರಡು ಪ್ರತಿಗಳನ್ನು ಚಾಲಕನ ಪಕ್ಕದಲ್ಲಿ ಇಡಬೇಕು.

ಕ್ಯಾಲೆ ತಲುಪಿದ ಮೇಲೆ ನೇರವಾಗಿ ಗೋದಾಮಿಗೆ ಹೋಗುವುದು. ರಸ್ತೆ ಬದಿಯಲ್ಲಿ ವ್ಯಾನಿನ ಬಾಗಿಲು ತೆರೆದು ತಾವೇ ಹಂಚಲು ತೊಡಗಬಾರದು. ನೂರು ಜನ ನಿಂತಿರುವಲ್ಲಿ ನಲವತ್ತು ಜಾಕೆಟ್ ಹೊರತೆಗೆದರೆ ನೂಕುನುಗ್ಗಲಾಗಿ ಪೆಟ್ಟಾಗುವುದು ಬಡಕಲು ಹುಡುಗರಿಗೇ. ಯಾವ ಜಾಗದಲ್ಲಿ, ಯಾವ ದಿನ, ಯಾವ ಸಾಲಿನಲ್ಲಿ ಹಂಚಬೇಕೆಂಬ ಲೆಕ್ಕ ಅಲ್ಲಿನವರಿಗೆ ಗೊತ್ತು. ಸ್ಥಳೀಯ ಆಡಳಿತದ ಆದೇಶಗಳೂ ಅವರಿಗೇ ಗೊತ್ತು: 2020ರ ಸೆಪ್ಟೆಂಬರಿನಲ್ಲಿ ನಗರ ಮಧ್ಯದ ಕೆಲವು ಬೀದಿಗಳಲ್ಲಿ ಅನುಮತಿಯಿಲ್ಲದ ಸಂಘಗಳು ಆಹಾರ ಹಂಚುವುದನ್ನೇ ಆಡಳಿತ ನಿಷೇಧಿಸಿತ್ತು. ಫೋಟೊ ಬೇಕಿದ್ದರೆ ಪೆಟ್ಟಿಗೆಗಳದ್ದು ತೆಗೆಯಬಹುದು, ಮುಖಗಳದ್ದು ಬೇಡ. ಆಶ್ರಯದ ಅರ್ಜಿ ಹಾಕಬೇಕಾದವನಿಗೆ, ಊರಿನಲ್ಲಿ ಮನೆಯವರನ್ನು ಬಿಟ್ಟುಬಂದವನಿಗೆ ಒಂದು ಚಿತ್ರವೂ ಅಪಾಯ ತರಬಹುದು.

ಕರ್ನಾಟಕದಲ್ಲಿ ಕುಳಿತವರು ಇದೇ ರೀತಿ ಪಾರ್ಸೆಲ್ ಕಟ್ಟಬಹುದೇ ಎಂದರೆ, ಸಾಗಣೆ ವೆಚ್ಚದಲ್ಲಿ ಅಲ್ಲೇ ಹೊಸ ಕಂಬಳಿ ಕೊಳ್ಳಬಹುದು. ನೆರವು ಪಡೆಯುವ ಕಡೆಯ ಅನುಭವ ಮಾತ್ರ ನಮ್ಮ ರಾಜ್ಯಕ್ಕೆ ಉಂಟು: ಟಿಬೆಟ್ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆಯ ಮೊದಲ ವರ್ಷಗಳ ಕೆಲಸ ಹಳೆಬಟ್ಟೆಯ ಹಂಚಿಕೆಗಿಂತ ಹೆಚ್ಚಾಗಿ ನೆಲ, ಬೇಸಾಯ, ನೆಲೆಗಳ ಸುತ್ತಲೇ ಇತ್ತು.

ಮರಳಿದ ವಾರದಲ್ಲೇ ಗೋದಾಮಿನವರ ಸಹಿಯಿರುವ ಸ್ವೀಕೃತಿ ಪತ್ರ, ರಫ್ತು ಘೋಷಣೆಯ ಪ್ರತಿ, ಡೀಸೆಲ್ ಬಿಲ್ಲು ಇವನ್ನು ಒಂದೇ ಕಡತದಲ್ಲಿ ಸೇರಿಸಿ, ಕೊಟ್ಟವರಿಗೆಲ್ಲ ಎಷ್ಟು ಪೆಟ್ಟಿಗೆ ಹೋಯಿತು, ಎಷ್ಟು ಖರ್ಚಾಯಿತು ಎಂದು ಬರೆದು ತಿಳಿಸಬೇಕು. ಮುಂದಿನ ಸಂಗ್ರಹದ ದಿನವನ್ನು ಗೊತ್ತುಮಾಡುವ ಮುನ್ನ ಹೊಸ ಪಟ್ಟಿ ಕೇಳಬೇಕು. ಜುಲೈನ ಪಟ್ಟಿ ನವೆಂಬರಿಗೆ ನಡೆಯುವುದಿಲ್ಲ.