ಆರ್ಗೊ ಡೇಟಾ: ಇಬ್ಬರ ಲೆಕ್ಕ ಕೊನೆಗೂ ಒಂದಾಯಿತು

ಕಲಬುರಗಿಯಲ್ಲಿ ಕೂತು ಅರಬ್ಬಿ ಸಮುದ್ರದ ಉಪ್ಪು ಅಳೆಯುತ್ತೇನೆ ಅಂದರೆ ಮನೆಯವರಿಗೇ ನಗು. ಆದರೆ ಹಲವು ದೇಶಗಳು ಸೇರಿ ಸಮುದ್ರ ಅಳೆಯುವ ಆರ್ಗೊ ಯೋಜನೆಯ ಡೇಟಾ ಎಲ್ಲರಿಗೂ ಉಚಿತ. ಅದರ ಸುಮಾರು 4000 ಫ್ಲೋಟ್‌ಗಳು, ಅಂದರೆ ತಾವಾಗಿಯೇ ಮುಳುಗಿ ತೇಲುವ ಅಳತೆ ಯಂತ್ರಗಳು, 2000 ಮೀಟರ್ ಆಳಕ್ಕಿಳಿದು, ಮೇಲೆ ಬರುತ್ತಾ ಅಳೆದು, 10 ದಿನಕ್ಕೊಮ್ಮೆ ಉಪಗ್ರಹಕ್ಕೆ ಕಳಿಸುತ್ತವೆ. ಭಾರತದ ಫ್ಲೋಟ್‌ಗಳ ಡೇಟಾ ನೋಡಿಕೊಳ್ಳುವುದು ಹೈದರಾಬಾದ್‌ನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್.

ತೊಂದರೆ ಇಷ್ಟೇ. ಅದೇ ಪ್ರೋಗ್ರಾಂ, ಅದೇ ಸಮುದ್ರ, ಆದರೆ ಬೀದರ್‌ನಲ್ಲಿರುವ ಗೆಳತಿಗೆ ಬರುವ ಸರಾಸರಿಯೇ ಬೇರೆ! ಕೋಡ್ ಪೂರ್ತಿ ಜಾಲಾಡಿದೆವು, ಏನೂ ಸಿಗಲಿಲ್ಲ. ಆಮೇಲೆ ಫೈಲ್ ಹೆಸರುಗಳನ್ನು ಅಕ್ಕಪಕ್ಕ ಇಟ್ಟೆವು. ನಂಬರ್ ಒಂದೇ, ಮೊದಲ ಅಕ್ಷರ ಮಾತ್ರ ನನ್ನಲ್ಲಿ 'ಆರ್', ಅವಳಲ್ಲಿ 'ಡಿ'. ಆರ್ ಅಂದರೆ ಬಂದ ಕೂಡಲೇ ಹಾಕಿದ್ದು. ತಜ್ಞರು ಸೆನ್ಸರ್‌ನ ತಪ್ಪು ತಿದ್ದಿದ ಮೇಲೆ ಅದರ ಜಾಗಕ್ಕೆ ಡಿ ಬರುತ್ತದೆ. ಅವಳು ನನಗಿಂತ ತಡವಾಗಿ ಇಳಿಸಿಕೊಂಡಿದ್ದಳು, ಅಷ್ಟೇ.

ಆರ್ಗೊದವರು ತಿಂಗಳಿಗೊಮ್ಮೆ ಇಡೀ ಡೇಟಾದ ಪ್ರತಿ ತೆಗೆದು ಅದಕ್ಕೆ ಡಿಒಐ, ಅಂದರೆ ಬದಲಾಗದ ಗುರುತಿನ ಸಂಖ್ಯೆ, ಕೊಡುತ್ತಾರೆ. ಇಬ್ಬರೂ ಒಂದೇ ತಿಂಗಳ ಪ್ರತಿ ಹಿಡಿದೆವು. ಅದನ್ನು ಒಮ್ಮೆ ಕ್ಲೌಡ್‌ಗೆ ಹಾಕಿ, ಎಲ್ಲ ಫೈಲ್‌ಗಳ ಪಟ್ಟಿಯಿರುವ ಇಂಡೆಕ್ಸ್ ಫೈಲ್‌ನ ಅಕ್ಷಾಂಶ ರೇಖಾಂಶ ನೋಡಿ ಅರಬ್ಬಿ ಸಮುದ್ರದ್ದಷ್ಟೇ ಉಳಿಸಿಕೊಂಡೆವು. ಅದರಲ್ಲೂ ಡಿ ಫೈಲ್‌ಗಳ ತಿದ್ದಿದ ಮೌಲ್ಯ, ಗುಣಮಟ್ಟದ ಗುರುತು 1 (ಅಂದರೆ 'ಚೆನ್ನಾಗಿದೆ') ಇದ್ದದ್ದು ಮಾತ್ರ.

ಲೆಕ್ಕವೂ ಅಲ್ಲೇ ನಡೆಯುತ್ತದೆ. ಕ್ಲೌಡ್‌ನಲ್ಲಿ ಹಾಕುವುದಕ್ಕಿಂತ ಹೊರಗೆ ಇಳಿಸಿಕೊಳ್ಳುವುದಕ್ಕೇ ದುಡ್ಡು ಜಾಸ್ತಿ, ಬಿಲ್ ನೋಡಿದವರಿಗೆ ಗೊತ್ತು ಅಲ್ವಾ? ಈಗ ನಮ್ಮ ಲ್ಯಾಪ್‌ಟಾಪ್‌ಗೆ ಬರುವುದು ಗ್ರಾಫ್ ಮಾತ್ರ. ಮೂಲ ಪ್ರತಿಯನ್ನು ಯಾರೂ ತಿದ್ದಲಾಗದಂತೆ ಓದುವ ಅನುಮತಿಯಷ್ಟೇ ಕೊಟ್ಟು, ಡಿಒಐ ಮತ್ತು ತಾರೀಖನ್ನು ಪಕ್ಕದಲ್ಲೇ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟಿದ್ದೇವೆ.