ಮೀನಿನ ತೊಟ್ಟಿಯ ಹೀಟರು, 29 ಡಿಗ್ರಿ ಮತ್ತು ನನ್ನ ಪಿ ಎಲಿಮೆಂಟು

ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಬಿಓಡಿ ಇನ್‌ಕ್ಯುಬೇಟರ್ ಇಲ್ಲದೆ ಹಣ್ಣಿನ ನೊಣಗಳಲ್ಲಿ ಹೈಬ್ರಿಡ್ ಡಿಸ್‌ಜೆನೆಸಿಸ್ (ಎರಡು ತಳಿ ಕೂಡಿಸಿದಾಗ ಮರಿಗಳು ಬಂಜೆಯಾಗುವುದು) ಮಾಡಿ ತೋರಿಸುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ನಕ್ಕವರೇ ಹೆಚ್ಚು. ಹಾರ್ವಿಚ್ ತಳಿಯ ಗಂಡು, ಕ್ಯಾಂಟನ್-ಎಸ್ ತಳಿಯ ಹೆಣ್ಣು; ಹಾರ್ವಿಚ್ ತಳಿಯ ಡಿಎನ್ಎಯಲ್ಲಿರುವ, ಜಾಗ ಬದಲಿಸುವ ತುಣುಕಾದ ಪಿ ಎಲಿಮೆಂಟು ಅಪ್ಪನ ಕಡೆಯಿಂದ ಬಂದಾಗ ಮಾತ್ರ ಮಗಳ ಅಂಡಾಶಯದಲ್ಲಿ ಎದ್ದು ಕುಣಿಯುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ತಲೆನೋವು ಇರುವುದು ಆ ಬಂಜೆತನ ಕಾಣಲು ಬೇಕಾದ 29 ಡಿಗ್ರಿಯನ್ನು ಹತ್ತು ಹನ್ನೆರಡು ದಿನ ಕದಲದಂತೆ ಹಿಡಿಯುವುದರಲ್ಲಿ.

ಮೊದಲ ಡಿಸೆಂಬರಿನಲ್ಲಿ ಬಲ್ಬಿನ ಕೆಳಗಿಟ್ಟು ನೋಡಿದೆ. ಚಿಕ್ಕಮಗಳೂರಿನ ಚಳಿ, ಅದರ ಮೇಲೆ ರಾತ್ರಿ ಕರೆಂಟು ಹೋಗುವ ಚಾಳಿ; ಮುಕ್ಕಾಲು ಪಾಲು ಹೆಣ್ಣುಗಳ ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಂಡಿತ್ತು. ಏಪ್ರಿಲಿನಲ್ಲಿ ಆತುರಪಟ್ಟೆ. ಪೆಟ್ಟಿಗೆಯೊಳಗೆ 33 ದಾಟಿತು. ಬಂಜೆತನ ಕಂಡು ಕುಣಿದಾಡಿದ್ದೇ ಬಂತು, ಪಿ ಎಲಿಮೆಂಟು ಅಮ್ಮನ ಕಡೆಯಿಂದ ಬರುವ, ಬಂಜೆತನ ಕಾಣಬಾರದ ತಿರುಗುಮುರುಗು ಕ್ರಾಸಿನ ಬಾಟಲಿಗಳೂ ಹಾಗೆಯೇ ಹಾಳಾಗಿದ್ದವು. ಪಿ ಎಲಿಮೆಂಟಿನ ಖಾತೆಗೆ ನಾನು ಬರೆದುಕೊಂಡದ್ದೆಲ್ಲ ಸೆಕೆಯ ಕೆಲಸ. ಮೂರನೆಯ ಸಲ ಕನ್ಯೆ ನೊಣಗಳನ್ನು ಬೇರ್ಪಡಿಸುವ ಹುಡುಗ ಬೆಳಿಗ್ಗೆ ತಡವಾಗಿ ಬಂದ, ಅಷ್ಟರಲ್ಲಿ ಅವು ತಮ್ಮದೇ ತಳಿಯ ಗಂಡುಗಳೊಡನೆ ಕೂಡಿಬಿಟ್ಟಿದ್ದವು, ಅಷ್ಟೇ. ನೊಣಗಳ ಆಹಾರದ ರವೆ, ಬೆಲ್ಲ, ಅಗರ್, ಪ್ರೊಪಿಯಾನಿಕ್ ಆಮ್ಲಕ್ಕೆಂದು ನನ್ನ ಜೇಬಿನಿಂದ ಸುಮಾರು ಐದು ಸಾವಿರ ನೀರಿಗೆ ಹೋಯಿತು.

ಕೊನೆಗೆ ಕೈಹಿಡಿದದ್ದು ದಪ್ಪ ಥರ್ಮೋಕೋಲ್ ಪೆಟ್ಟಿಗೆ, ಒಳಗೊಂದು ನೀರಿನ ಟ್ರೇ, ಅದರಲ್ಲಿ ಮೀನಿನ ತೊಟ್ಟಿಯ ಹೀಟರು. ಹೀಟರಿನ ಮೇಲೆ ಬರೆದ ಅಂಕಿಯನ್ನು ನಂಬಬೇಡಿ. ಬೇರೆ ಥರ್ಮೋಸ್ಟಾಟ್ ಹಾಕಿದೆ. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಇನ್‌ಕ್ಯುಬೇಟರಿಗೆ ಬಂದ ಕೊಟೇಶನ್ ಎಪ್ಪತ್ತು ಸಾವಿರದ ಮೇಲಿತ್ತು. ಒಂದು ಗಂಟೆ ಕರೆಂಟು ಹೋದರೂ ನೀರು ಒಂದು ಡಿಗ್ರಿ ಇಳಿದರೆ ಹೆಚ್ಚು. ಬಾಟಲಿಯನ್ನು ನೀರಿನಲ್ಲಿ ಎಷ್ಟು ಆಳಕ್ಕೆ ಇಳಿಸಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಎರಡು ತಿಂಗಳು ಹಿಡಿದಿದೆ. ಏಪ್ರಿಲಿನ ತಂಟೆಗೆ ಮತ್ತೆ ಹೋಗಲಿಲ್ಲ, ಹೀಟರಿಗೆ ತಂಪು ಮಾಡಲು ಬರುವುದಿಲ್ಲವಲ್ಲ.

ನಾಲ್ಕೈದು ದಿನದ ಹೆಣ್ಣುಗಳನ್ನು ಎರಡು ಸ್ಲೈಡುಗಳ ನಡುವೆ ಅದುಮಿ ನೋಡಿದೆ. ಇನ್ನೂರು ಚಿಲ್ಲರೆಯಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮೊಟ್ಟೆಯಿಲ್ಲದೆ ಖಾಲಿ! ತಿರುಗುಮುರುಗು ಕ್ರಾಸಿನಲ್ಲಿ ನೂರಕ್ಕೆ ನಾಲ್ಕೋ ಐದೋ. ನಕ್ಕವರನ್ನೆಲ್ಲ ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ.

ನಡುವೆ ಒಂದು ಚಪಲ. ಇದೇ ಕ್ರಾಸಿನ ಮರಿಗಳನ್ನು 25ರಲ್ಲಿ ಬೆಳೆಸಿ, ಬಂಜೆಯಾಗಿ ಕಂಡ ಹೆಣ್ಣುಗಳನ್ನು ಎಸೆಯದೆ ಇಟ್ಟುಕೊಂಡೆ. ಮೂರು ವಾರ ಕಳೆಯುವಷ್ಟರಲ್ಲಿ ಕೆಲವು ಮೊಟ್ಟೆಯಿಡತೊಡಗಿದವು. 29ರಲ್ಲಿ ಬೆಳೆದವು ಸಾಯುವವರೆಗೂ ಒಂದನ್ನೂ ಇಡಲಿಲ್ಲ. ಮೊಟ್ಟೆ ಎಷ್ಟೆಂದು ಎಣಿಸಲು ಕುಳಿತ ವಾರವೇ ಬಾಟಲಿಗಳಿಗೆ ನುಸಿ ಹತ್ತಿತು. ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿದ್ದೇನೆ. ಈ ನವೆಂಬರಿನಲ್ಲಿ ಮತ್ತೆ ಮೊದಲಿನಿಂದ.