ಲಂಡನ್ನಿಗೆ ಹೊರಟ ನಮ್ಮೂರಿನವರಿಗೆ: ಕಾರು, ಹೊಗೆ, ಕರೆಂಟ್ ಬಿಲ್ಲು

ರಜೆಗೆ ದಾವಣಗೆರೆಗೆ ಬಂದು ಎರಡು ವಾರ ಆಯಿತು. ಅಷ್ಟರಲ್ಲೇ ಲಂಡನ್ನಿಗೆ ಹೊರಟ ಮೂರು ಮನೆಯವರು ಬಂದು ಮಾತಾಡಿಸಿದರು. ಎರಡು ಮನೆಯವರು ನಮ್ಮ ಬಡಾವಣೆಯವರೇ, ಇನ್ನೊಬ್ಬರು ಚಿತ್ರದುರ್ಗದವರು. ಬಾಡಿಗೆ, ಶಾಲೆ, ಸ್ವೆಟರ್ ಎಲ್ಲ ಕೇಳಿದರು. ಗಾಳಿ, ಹೊಗೆ ಬಗ್ಗೆ ಯಾರೂ ಕೇಳಲಿಲ್ಲ. ಹನ್ನೆರಡು ವರ್ಷದ ಹಿಂದೆ ಲಂಡನ್ನಿಗೆ ಹೋಗುವಾಗ ನಾನೂ ಕೇಳಿರಲಿಲ್ಲ. ಅಲ್ಲಿ ಹೊಗೆ ಬಿಟ್ಟರೆ ದುಡ್ಡು ಕಟ್ಟಬೇಕು. ಅದನ್ನು ಇಲ್ಲಿಂದಲೇ ತಿಳಿದುಕೊಂಡು ಹೋಗಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಹೋದ ಹೊಸದರಲ್ಲಿ ಯಾರಾದರೂ ಒಬ್ಬರು 'ಹಳೇ ಡೀಸೆಲ್ ಕಾರಿದೆ, ಕಡಿಮೆಗೆ ಕೊಡ್ತೀನಿ' ಅನ್ನುತ್ತಾರೆ. ಆತುರ ಬೇಡ. ಲಂಡನ್ನಿನಲ್ಲಿ ಯೂಲೆಜ್, ಅಂದರೆ ಅತಿ ಕಡಿಮೆ ಹೊಗೆಯ ವಲಯ, ಅನ್ನುವ ನಿಯಮ ಇದೆ. ಜಾಸ್ತಿ ಹೊಗೆ ಬಿಡುವ ಕಾರು ರಸ್ತೆಗೆ ಇಳಿದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು. ಕ್ರಿಸ್‌ಮಸ್ ದಿನ ಒಂದು ಬಿಟ್ಟು ವರ್ಷವಿಡೀ, ಹಗಲೂ ರಾತ್ರಿ. 2019ರಲ್ಲಿ ಶುರುವಾದಾಗ ಊರಿನ ನಡುಭಾಗಕ್ಕೆ ಮಾತ್ರ ಇತ್ತು. 2021ರ ಅಕ್ಟೋಬರ್‌ನಲ್ಲಿ ಹಿಗ್ಗಿತು. 2023ರ ಆಗಸ್ಟ್ 29ರಿಂದ ಇಡೀ ಲಂಡನ್ನಿಗೆ ಬಂತು. ಊರ ಹೊರಗೆ ಹ್ಯಾರೋದಲ್ಲೋ ಕ್ರಾಯ್ಡನ್‌ನಲ್ಲೋ ಮನೆ ಮಾಡಿದರೂ ತಪ್ಪುವುದಿಲ್ಲ. ಟೋಲ್ ಗೇಟ್ ಇರುವುದಿಲ್ಲ, ಯಾರೂ ಕೈ ಅಡ್ಡ ಹಾಕುವುದಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಅಷ್ಟೇ.

2021ರ ನವೆಂಬರ್‌ನಲ್ಲಿ ನಾನು ಹ್ಯಾರೋದಿಂದ ಈಸ್ಟ್ ಹ್ಯಾಮ್‌ಗೆ ಮಂಡಕ್ಕಿ, ಹುರಿಗಡಲೆ ತರಲು ಹೋಗಿದ್ದೆ. ವಲಯ ಅಲ್ಲಿಯವರೆಗೆ ಬಂದಿದ್ದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಮನೆಗೆ ಒಂದು ಲಕೋಟೆ ಬಂತು. ಒಳಗೆ ನನ್ನ ಕಾರಿನ ಫೋಟೋ, ಕೆಳಗೆ 160 ಪೌಂಡ್ ದಂಡ. 14 ದಿನದೊಳಗೆ ಕಟ್ಟಿದ್ದಕ್ಕೆ 80ಕ್ಕೆ ಮುಗಿಯಿತು. ಈಗ ಆ ದಂಡ 180 ಪೌಂಡ್. ಕಾರು ಓಡಿಸಿದ ಮೇಲೆ ಮೂರನೇ ದಿನದ ಮಧ್ಯರಾತ್ರಿಯೊಳಗೆ ಶುಲ್ಕ ಕಟ್ಟಿಬಿಟ್ಟರೆ ದಂಡ ಬೀಳುವುದಿಲ್ಲ, ಇದು ನೆನಪಿರಲಿ. ಪೆಟ್ರೋಲ್ ಕಾರಾದರೆ ಯೂರೋ 4, ಡೀಸೆಲ್ ಆದರೆ ಯೂರೋ 6 ಅನ್ನುವ ಹೊಗೆ ಮಾನದಂಡದ್ದು ಇರಬೇಕು. ಸಾಮಾನ್ಯವಾಗಿ 2005ರ ನಂತರದ ಪೆಟ್ರೋಲ್, 2015ರ ಸೆಪ್ಟೆಂಬರ್ ನಂತರದ ಡೀಸೆಲ್ ಸರಿಹೋಗುತ್ತವೆ. ಆದರೂ ಸುಮ್ನೆ ಅಂದಾಜಿನ ಮೇಲೆ ಹೋಗಬೇಡಿ. ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಅಲ್ಲೇ ಗೊತ್ತಾಗುತ್ತದೆ.

ದಂಡ ಕಟ್ಟಿದ ದಿನ ನನಗೆ ತುಂಬಾ ಸಿಟ್ಟು ಬಂದಿತ್ತು. ಆಮೇಲೆ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಹುಡುಗಿಯ ವಿಷಯ ತಿಳಿಯಿತು. ಲೂಯಿಷಮ್‌ನಲ್ಲಿ ವಾಹನ ತುಂಬಿದ ದೊಡ್ಡ ರಸ್ತೆಯ ಹತ್ತಿರವೇ ಅವಳ ಮನೆ. 2013ರಲ್ಲಿ ಅಸ್ತಮಾದಿಂದ ತೀರಿಕೊಂಡಾಗ ಒಂಬತ್ತೇ ವರ್ಷ. ಆ ಸಾವಿಗೆ ಕೆಟ್ಟ ಗಾಳಿಯೂ ಕಾರಣ ಅಂತ 2020ರ ಡಿಸೆಂಬರ್‌ನಲ್ಲಿ ವಿಚಾರಣಾಧಿಕಾರಿ ತೀರ್ಮಾನ ಕೊಟ್ಟರು. ನನ್ನ ಮಗಳ ಶಾಲೆ ಚೀಲದಲ್ಲೂ ಒಂದು ನೀಲಿ ಇನ್‌ಹೇಲರ್ ಇರುತ್ತದೆ. ಮುಂದಿನ ತಿಂಗಳೇ ಆ ಡೀಸೆಲ್ ಕಾರು ಮಾರಿಬಿಟ್ಟೆ.

ನಮ್ಮೂರಿನವರಿಗೆ ಹೊಗೆ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಮೊನ್ನೆ ಅಮ್ಮ ಒಗೆದು ಹಾಕಿದ ಬಿಳಿ ಪಂಚೆ ಸಂಜೆಗೆ ತೆಗೆದಾಗ ಅದರ ಮೇಲೆ ಸಾಸಿವೆ ಕಾಳಿನಷ್ಟು ಕರಿ ಚುಕ್ಕೆ. ಕೊಡವಿದರೆ ಗೆರೆಯಾಗಿ ಅಂಟುತ್ತದೆ. ಕೇಂದ್ರದ ಶುದ್ಧ ಗಾಳಿ ಯೋಜನೆ 2019ರಲ್ಲಿ ಬಂದಾಗ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯೂ ಗಾಳಿ ಕೆಟ್ಟ ಊರುಗಳ ಪಟ್ಟಿಯಲ್ಲಿತ್ತು.

ಒಂದು ಎಚ್ಚರಿಕೆ. ಇಲ್ಲಿ ಗಾಳಿಯ ಸೂಚ್ಯಂಕ 500ರವರೆಗೆ ಹೋಗುತ್ತದೆ, ಅಲ್ಲಿನದು 1ರಿಂದ 10. ಫೋನಿನಲ್ಲಿ 7 ನೋಡಿ 'ಏಳೇ ತಾನೇ' ಅಂದುಕೊಂಡು ಮಗುವನ್ನು ಆಟಕ್ಕೆ ಬಿಡಬೇಡಿ. 7 ಅಂದರೆ ಗಾಳಿ ಕೆಟ್ಟಿದೆ ಅಂತಲೇ ಅರ್ಥ. ಮನೆಯಲ್ಲಿ ಅಸ್ತಮಾ ಇದ್ದವರಿದ್ದರೆ ಅಲ್ಲಿಗೆ ಹೋಗಿ ಇಳಿದ ವಾರದಲ್ಲೇ ಹತ್ತಿರದ ಜಿಪಿ, ಅಂದರೆ ಸಾಮಾನ್ಯ ಕಾಯಿಲೆ ನೋಡುವ ಡಾಕ್ಟರ ಹತ್ತಿರ ಹೆಸರು ಬರೆಸಿ.

ಬಾಡಿಗೆ ಮನೆಯಲ್ಲಿ ಬೆಂಕಿಗೂಡು ಇದ್ದರೆ ಚಂದ ಕಾಣುತ್ತದೆ ಅಂತ ಸಿಕ್ಕ ಸೌದೆ ಹಾಕಬೇಡಿ. ಲಂಡನ್ನಿನ ಬಹುಪಾಲು ಹೊಗೆ ನಿಯಂತ್ರಣ ಪ್ರದೇಶ. ಚಿಮಣಿಯಿಂದ ಹೊಗೆ ಬಂದರೆ 300 ಪೌಂಡ್‌ವರೆಗೂ ದಂಡ ಹಾಕಬಹುದು. ಹೋಮ ಮಾಡಿಸುವುದಾದರೆ ಮನೆ ಮಾಲೀಕರನ್ನು ಮೊದಲೇ ಕೇಳಿ. ಚಳಿ ಅಂತ ಕಿಟಕಿ ಮುಚ್ಚಿಕೊಂಡು ಒಗ್ಗರಣೆ ಹಾಕುವುದು ಬೇಡ, ಆ ಘಾಟೆಲ್ಲ ಮಕ್ಕಳ ಎದೆಗೇ ಹೋಗುತ್ತದೆ.

ಇನ್ನು ಕರೆಂಟು. ಅಲ್ಲಿ ಗೃಹಜ್ಯೋತಿ ಇಲ್ಲ. ಒಂದು ದೀಪ ಹಾಕದಿದ್ದರೂ ದಿನದ ಲೆಕ್ಕದಲ್ಲಿ ಸ್ಟ್ಯಾಂಡಿಂಗ್ ಚಾರ್ಜ್ ಬೀಳುತ್ತದೆ. ಪ್ರೈಸ್ ಕ್ಯಾಪ್ ಅಂತ ಕೇಳುತ್ತೀರಿ. ಅದು ದರಕ್ಕೆ ಇಟ್ಟ ಮಿತಿ, ಬಿಲ್ಲಿಗಲ್ಲ. ಜಾಸ್ತಿ ಉರಿಸಿದರೆ ಜಾಸ್ತಿ ಬರುತ್ತದೆ. ಬೆಸ್ಕಾಂ ಥರ ಒಂದೇ ಕಂಪನಿ ಅಲ್ಲ. ಬಿಲ್ಲು ನೀವೇ ಕಟ್ಟುವುದಾದರೆ ಬಾಡಿಗೆದಾರರಾಗಿಯೂ ಕಂಪನಿ ಬದಲಾಯಿಸಬಹುದು. ಕೀಲಿಕೈ ಸಿಕ್ಕ ದಿನವೇ ಮೀಟರಿನ ಫೋಟೋ ತೆಗೆದಿಡಿ. ಇಲ್ಲದಿದ್ದರೆ ಹಿಂದಿನವರು ಬಳಸಿದ್ದು ನಿಮ್ಮ ತಲೆಗೆ ಬರಬಹುದು.

ದುರ್ಗದವರಿಗೆ ಒಂದು ಮಾತು. ಜೋಗಿಮಟ್ಟಿ ಕಡೆ ಗಾಳಿಯಂತ್ರ ನೋಡಿ ಬೆಳೆದವರು ನೀವು. ಬ್ರಿಟನ್ನಿನಲ್ಲಿ ಅವು ಸಮುದ್ರದ ನಡುವೆಯೂ ನಿಂತಿವೆ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ನಿಂತುಹೋಯಿತು. ಆ ಸುದ್ದಿ ಕೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಕಾರಿಗೆ ಮುಂಗಡ ಕೊಡುವ ಮುಂಚೆ ನಂಬರ್ ಪ್ಲೇಟಿನ ಫೋಟೋ ನನಗೆ ಕಳಿಸಿ. ನೋಡಿ ಹೇಳುತ್ತೇನೆ, ರಾತ್ರಿ ಹನ್ನೊಂದಾದರೂ ಸರಿ.